ಬ್ಲೇಡಿನ ಗಡುವಿಗೆ ಚೌಕಾಸಿ ಬೇಡ

ವಿಮಾನದ ಎಂಜಿನ್ನಿನೊಳಗೆ ಯಾವ ಭಾಗ ಮುರಿಯುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು ಬದಲಾಯಿಸಲು ಎಷ್ಟು ಕಾಲ ಕೊಡಬೇಕು? 2019ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಟ್ಟ ಉತ್ತರ ಹದಿನೈದು ದಿನ. ಇಂಡಿಗೊದ ಎ320 ನಿಯೊ ವಿಮಾನಗಳಲ್ಲಿದ್ದ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಆಗ ಒಂದೇ ವಾರದಲ್ಲಿ ಮತ್ತೆ ಮತ್ತೆ ಕೈಕೊಟ್ಟಿದ್ದವು. ದೋಷ ಇದ್ದದ್ದು ಕಡಿಮೆ ಒತ್ತಡದ ಟರ್ಬೈನಿನ ಮೂರನೇ ಹಂತದ ಬ್ಲೇಡುಗಳಲ್ಲಿ. ಹೆಚ್ಚು ಗಂಟೆ ಓಡಿದ್ದ 16 ವಿಮಾನಗಳಿಗೆ ಕನಿಷ್ಠ ಒಂದಾದರೂ ಮಾರ್ಪಡಿಸಿದ ಎಂಜಿನ್ ಹಾಕಿ ಎಂದಿತು ಡಿಜಿಸಿಎ. ನವೆಂಬರ್ 1ರಂದು ಇನ್ನಷ್ಟು ಬಿಗಿಯಾಯಿತು: ಎಲ್ಲ 97 ವಿಮಾನಗಳ ಎರಡೂ ಎಂಜಿನ್‌ಗಳು 2020ರ ಜನವರಿ 31ರೊಳಗೆ ಬದಲಾಗಬೇಕು, ಇಲ್ಲದಿದ್ದರೆ ಅವು ಹಾರುವಂತಿಲ್ಲ.

ಜನವರಿ ಮಧ್ಯಕ್ಕೆ ಆ ಗಡುವು ಮೇ 31ಕ್ಕೆ ಸರಿಯಿತು. ಮುಂದೆ ಆಗಸ್ಟ್ 31ಕ್ಕೆ. ಎರಡನೆಯ ಸಲ ಕೋವಿಡ್ ಬಂದು ವಿಮಾನಗಳೇ ನೆಲದ ಮೇಲಿದ್ದವು, ಅದನ್ನು ಒಪ್ಪೋಣ. ನನ್ನ ತಕರಾರು ಮೊದಲನೆಯ ಮುಂದೂಡಿಕೆಯದು. ನವೆಂಬರಿನಲ್ಲಿ ಅಪಾಯಕಾರಿಯಾಗಿದ್ದ ಬ್ಲೇಡು ಜನವರಿಯಲ್ಲಿ ಗಟ್ಟಿಯಾಗಿರಲಿಲ್ಲ. ಬದಲಿ ಎಂಜಿನ್‌ಗಳ ಅಭಾವ ಮಾತ್ರ ಹಾಗೇ ಇತ್ತು.

ಮುಂದೂಡಿದ್ದರಿಂದ ಏನೂ ಆಗಲಿಲ್ಲವಲ್ಲ ಎನ್ನುವವರಿದ್ದಾರೆ. ಒಂದು ಎಂಜಿನ್ ನಿಂತರೂ ಇನ್ನೊಂದರಿಂದ ವಿಮಾನ ಇಳಿಯುತ್ತದೆ ಎಂಬುದು ಅವರ ಸಮಾಧಾನ. ಇಳಿಯುತ್ತದೆ, ನಿಜ. ಆದರೆ ಆ ಎರಡನೆಯ ಎಂಜಿನ್ ಇರುವುದು ಮುಂಗಾಣಲಾಗದ ಆಪತ್ತಿಗೆ. ಗೊತ್ತಿದ್ದೂ ಉಳಿಸಿಕೊಂಡ ದೋಷಕ್ಕೆ ಅದನ್ನು ಜಾಮೀನು ನಿಲ್ಲಿಸುವುದು ಆಪತ್ಕಾಲಕ್ಕೆಂದು ಇಟ್ಟ ಗಂಟನ್ನು ದಿನಖರ್ಚಿಗೆ ಬಿಚ್ಚಿದ ಹಾಗೆ. ಅಲ್ಲದೆ ಬ್ಲೇಡು ಮುರಿದರೆ ಎಂಜಿನ್ ಸುಮ್ಮನೆ ನಿಲ್ಲುತ್ತದೆ ಎಂದೇನೂ ಇಲ್ಲ.

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಇದು ಚೆನ್ನಾಗಿ ಗೊತ್ತು. 2016ರ ಆಗಸ್ಟಿನಲ್ಲಿ ಅದರ ಬೋಯಿಂಗ್ 737 ಒಂದರ ಎಂಜಿನ್ನಿನ ಮುಂಭಾಗದ ಫ್ಯಾನ್ ಬ್ಲೇಡು ಬುಡದಲ್ಲೇ ಮುರಿದು ವಿಮಾನ ಪೆನ್ಸಕೋಲಾದಲ್ಲಿ ಇಳಿಯಿತು. ಪ್ರಾಣಹಾನಿ ಆಗಲಿಲ್ಲ. ಎಂಜಿನ್ ತಯಾರಿಸಿದ ಸಿಎಫ್‌ಎಂ ಶ್ರವಣಾತೀತ ತರಂಗಗಳ ತಪಾಸಣೆಗೆ ಶಿಫಾರಸು ಮಾಡಿತು. ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಎಎ 2017ರ ಆಗಸ್ಟಿನಲ್ಲಿ ಕರಡು ನಿಯಮ ಹೊರಡಿಸಿ ಅಭಿಪ್ರಾಯ ಕೇಳಿತು. 12 ತಿಂಗಳಲ್ಲಿ ತಪಾಸಣೆ ಮುಗಿಯಲಿ ಎಂದಿತು ತಯಾರಕ ಕಂಪನಿ. ಅದಕ್ಕೆ ಒಪ್ಪದ ಸೌತ್‌ವೆಸ್ಟ್ 18 ತಿಂಗಳು ಬೇಕೆಂದು ಬರೆಯಿತು. ಕರಡು ಕರಡಾಗಿಯೇ ಉಳಿಯಿತು.

2018ರ ಏಪ್ರಿಲ್ 17ರಂದು ಅದೇ ಕಂಪನಿಯ ಇನ್ನೊಂದು 737ರಲ್ಲಿ ಅದೇ ಬಗೆಯ ಬ್ಲೇಡು ಮುರಿಯಿತು. ಎಂಜಿನ್ ಕವಚದ ತುಂಡು ಬಡಿದು ಕಿಟಕಿ ಒಡೆಯಿತು, ಪಕ್ಕದಲ್ಲಿ ಕೂತಿದ್ದ ಮಹಿಳೆ ಸತ್ತರು. ಮೂರೇ ದಿನದಲ್ಲಿ ಎಫ್‌ಎಎಯಿಂದ ತುರ್ತು ಆದೇಶ: 30,000 ಸಲ ಹಾರಿದ ಎಂಜಿನ್‌ಗಳನ್ನೆಲ್ಲ 20 ದಿನದೊಳಗೆ ಪರೀಕ್ಷಿಸಿ. ಕರಡು ನಿಯಮವೊಂದರಿಂದಲೇ ಈ ಸಾವು ತಪ್ಪುತ್ತಿತ್ತು ಎಂಬುದಲ್ಲ ನನ್ನ ವಾದ. ಹದಿನೆಂಟು ತಿಂಗಳು ಬೇಕೆಂದಿದ್ದ ಕೆಲಸಕ್ಕೆ ಒಂದು ಸಾವಾದ ಮೇಲೆ ಇಪ್ಪತ್ತು ದಿನದ ಗಡುವು ಹಾಕಲು ಸಾಧ್ಯವಾಯಿತು. ಹಾಗಾದರೆ ಮೊದಲಿನ ತಿಂಗಳುಗಳ ಲೆಕ್ಕ ಹಾಕಿದ್ದು ಲೋಹ ನೋಡಿಯೋ, ವೇಳಾಪಟ್ಟಿ ನೋಡಿಯೋ?

ಲೋಹದ ಲೆಕ್ಕವೇ ಬೇರೆ. ತಂತಿಯನ್ನು ಬಗ್ಗಿಸಿ ನೆಟ್ಟಗೆ ಮಾಡುತ್ತ ಹೋದರೆ ಅದು ತುಂಡಾಗುವುದು ಎಷ್ಟು ಸಲ ಬಗ್ಗಿಸಿದೆವು ಎಂಬುದರ ಮೇಲೆ, ಎಷ್ಟು ದಿನವಾಯಿತು ಎಂಬುದರ ಮೇಲಲ್ಲ. 2018ರಲ್ಲಿ ಮುರಿದ ಸೌತ್‌ವೆಸ್ಟ್‌ನ ಬ್ಲೇಡು 32,000ಕ್ಕೂ ಹೆಚ್ಚು ಸಲ ಏರಿ ಇಳಿದಿತ್ತು. ಬೆಂಗಳೂರು–ಮಂಗಳೂರಿನಂಥ ಗಿಡ್ಡ ದಾರಿಗಳಲ್ಲಿ ದಿನವಿಡೀ ಏರಿಳಿಯುವ ವಿಮಾನವೂ ದೂರದೇಶಕ್ಕೆ ದಿನಕ್ಕೊಮ್ಮೆ ಹೋಗುವ ವಿಮಾನವೂ ಒಂದೇ ತಾರೀಕಿನ ಗಡುವಿಗೆ ಸಮಾನವಲ್ಲ.

ತಪಾಸಣೆ ಆಗಿದೆ ಎಂಬ ಮುದ್ರೆಯೂ ಅಭಯಹಸ್ತವಲ್ಲ. 2018ರ ಫೆಬ್ರವರಿಯಲ್ಲಿ ಹೊನೊಲುಲುಗೆ ಹೊರಟ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 777ರ ಫ್ಯಾನ್ ಬ್ಲೇಡು ಸಮುದ್ರದ ಮೇಲೆ ಮುರಿಯಿತು. 2010ರಲ್ಲಿ, ಮತ್ತೆ 2015ರಲ್ಲಿ, ಅದರ ತಪಾಸಣೆಯಲ್ಲಿ ಸಂಶಯದ ಗುರುತು ಕಂಡಿತ್ತು. ಬಣ್ಣದ ದೋಷ ಎಂದುಕೊಂಡು ಬ್ಲೇಡನ್ನು ಹಾರಲು ಬಿಟ್ಟಿದ್ದರು. ನೋಡಿದವರಿಗೆ ಸರಿಯಾದ ತರಬೇತಿ ಇರಲಿಲ್ಲ ಎಂದು ತನಿಖೆ ಹೇಳಿತು. ಸಂಶಯ ಬಂದರೆ ಬ್ಲೇಡು ಸರಿಯಿದೆ ಎಂದು ಸಾಬೀತಾಗುವವರೆಗೆ ಅದು ಹಾರಬಾರದು. ಅಲ್ಲಿ ಆದದ್ದು ತಿರುಗುಮುರುಗು.

ಕಟ್ಟುನಿಟ್ಟು ಮಾಡಿದರೆ ಕಂಪನಿಗಳೇ ಮುಳುಗುತ್ತವೆ ಎಂದು ಹೆದರಿಸುವವರು ಗೋ ಫಸ್ಟ್ ವಿಮಾನಯಾನ ಕಂಪನಿಯತ್ತ ಬೆರಳು ತೋರಿಸುತ್ತಾರೆ. 2023ರ ಮೇನಲ್ಲಿ ಅದು ದಿವಾಳಿ ಅರ್ಜಿ ಹಾಕುವಾಗ ದೂರಿದ್ದು ಪ್ರಾಟ್ ಅಂಡ್ ವಿಟ್ನಿಯ ಎಂಜಿನ್‌ಗಳನ್ನೇ. ತಯಾರಕರು ಅದನ್ನು ಒಪ್ಪಲಿಲ್ಲ. ನಷ್ಟ ಯಾರದೆಂಬುದು ಎಂಜಿನ್ ಮಾರಿದವರಿಗೂ ಕೊಂಡವರಿಗೂ ಬಿಟ್ಟ ವ್ಯಾಜ್ಯ, ಅದಕ್ಕೆ ನ್ಯಾಯಾಲಯಗಳಿವೆ. ಟಿಕೆಟ್ ಕೊಂಡವನು ಆ ವ್ಯಾಜ್ಯದಲ್ಲಿ ಕಕ್ಷಿದಾರನೇ ಅಲ್ಲ.

ಡಿಜಿಸಿಎಗೆ ನನ್ನ ಬೇಡಿಕೆ ಸಣ್ಣದು. ಗಡುವು ಮುಂದೂಡಲೇಬೇಕಾದರೆ ಯಾರು ಕೇಳಿದರು, ಯಾವ ಕಾರಣಕ್ಕೆ, ಆ ಎಂಜಿನ್‌ಗಳು ಎಷ್ಟು ಸಲ ಹಾರಿವೆ, ಹೆಚ್ಚುವರಿ ತಿಂಗಳುಗಳಲ್ಲಿ ಯಾವ ಹೆಚ್ಚುವರಿ ತಪಾಸಣೆ ನಡೆಯುತ್ತದೆ ಎಂಬುದನ್ನು ಆದೇಶದೊಂದಿಗೇ ಪ್ರಕಟಿಸಲಿ. ಸೌತ್‌ವೆಸ್ಟ್ ಎಷ್ಟು ಕಾಲ ಕೇಳಿತ್ತೆಂದು ಇವತ್ತು ನಾವು ಹೇಳಬಲ್ಲೆವಾದರೆ, ಅದು ಬರೆದ ಕಾಗದವನ್ನು ಅಲ್ಲಿ ಸಾರ್ವಜನಿಕರು ಓದಬಹುದಾಗಿತ್ತು ಎಂಬುದೇ ಕಾರಣ.

ಗಡುವು ಬಿಗಿಯಾದರೆ ನಾವೂ ಬೆಲೆ ತೆರಬೇಕಾಗುತ್ತದೆ. ವಿಮಾನಗಳು ರದ್ದಾಗುತ್ತವೆ, ದರ ಏರುತ್ತದೆ, ಮದುವೆಗೋ ಸಂದರ್ಶನಕ್ಕೋ ಹೊರಟವರು ಕೆಂಪೇಗೌಡ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕಾಗಬಹುದು. ಆಗ ಕೌಂಟರಿನ ಹುಡುಗಿಯ ಮೇಲೆ ರೇಗುವ ಮೊದಲು ವಿಮಾನ ಯಾಕೆ ನಿಂತಿದೆ ಎಂದು ಕೇಳೋಣ. ಬ್ಲೇಡು ನೋಡುತ್ತಿದ್ದಾರೆ ಎಂದರೆ, ನೋಡಿ ಮುಗಿಸಲಿ, ಕಾಯೋಣ.