ಹೆಲ್ಮೆಟ್ ಕೊಟ್ಟರೆ ಸಾಲದು, ಧೂಳಿನ ಲೆಕ್ಕ ಕೊಡಿ

ಶೇಂಗಾ ಹೊಟ್ಟು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಸಾಮಿಲ್‌ನ ಮರದ ಪುಡಿ. ಬದುವಿನಲ್ಲಿ ಸುಟ್ಟು ಹಾಕುತ್ತಿದ್ದ ಇವಕ್ಕೆಲ್ಲ ಈಗ ಬೆಲೆ ಬಂದಿದೆ. ಕಲ್ಲಿದ್ದಲು ಸ್ಥಾವರಗಳು 2024-25ರಿಂದ ಶೇ 5, 2025-26ರಿಂದ ಶೇ 7ರಷ್ಟು ಪೆಲೆಟ್ ಬೆರೆಸಿ ಉರಿಸಬೇಕು ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2023ರಲ್ಲಿ ಹೇಳಿತು. ಪೆಲೆಟ್ ಘಟಕ ಊರ ಪಕ್ಕಕ್ಕೆ ಬಂದರೆ ರೈತರಿಗೆ ನಾಲ್ಕು ಕಾಸು, ಹುಡುಗರಿಗೆ ಕೆಲಸ. ಬರಲಿ. ಆದರೆ ಅದರ ಜೊತೆ ಬರುವ ಅಪಾಯವೂ ನಮಗೆ ಗೊತ್ತಿರಬೇಕು.

ಮರದ ದಿಮ್ಮಿ ಬೇಗ ಹೊತ್ತಿಕೊಳ್ಳುವುದಿಲ್ಲ. ಅದನ್ನೇ ಹಿಟ್ಟಿನಂತೆ ಪುಡಿ ಮಾಡಿ, ಒಣಗಿಸಿ, ಮುಚ್ಚಿದ ಶೆಡ್ಡಿನ ಗಾಳಿಯಲ್ಲಿ ಹಾರಿಬಿಟ್ಟರೆ ಒಂದು ಕಿಡಿಗೆ ಸಿಡಿಯುತ್ತದೆ. ಮೊದಲ ಸಣ್ಣ ಸ್ಫೋಟಕ್ಕೆ ತೊಲೆ, ತಗಡಿನ ಮೇಲೆ ಕೂತ ಧೂಳು ಉದುರುತ್ತದೆ. ಎರಡನೆಯದು ಅದಕ್ಕಿಂತ ದೊಡ್ಡದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಇದನ್ನು ಜೀವ ತೆತ್ತು ಕಲಿಯಿತು. 2012ರ ಜನವರಿಯಲ್ಲಿ ಬರ್ನ್ಸ್ ಲೇಕ್, ಏಪ್ರಿಲ್‌ನಲ್ಲಿ ಪ್ರಿನ್ಸ್ ಜಾರ್ಜ್‌ನ ಸಾಮಿಲ್‌ಗಳು ಧೂಳಿನಿಂದಲೇ ಸ್ಫೋಟಗೊಂಡವು. ನಾಲ್ವರು ಸತ್ತರು, 40ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಲ್ಲಿನ ಕಾಡಿನ ಪೈನ್ ಮರಗಳು ಕೀಟ ಬಿದ್ದು ಒಣಗಿದ್ದವು. ಒಣ ಮರ ಕೊಯ್ದಾಗ ಧೂಳು ಇನ್ನೂ ಸಣ್ಣ, ಇನ್ನೂ ಒಣ. ಕಚ್ಚಾ ಮಾಲು ಬದಲಾಗಿತ್ತು, ಧೂಳು ಹಿಡಿಯುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ನಮ್ಮಲ್ಲೂ ಇವತ್ತು ಶೇಂಗಾ ಹೊಟ್ಟು, ನಾಳೆ ಮರದ ಪುಡಿ ಹಾಕುವವರು ಇದನ್ನು ಗಮನಿಸಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ರಾಶಿ ಹಾಕಿದ ಮರದ ಪೆಲೆಟ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ. 2006ರಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಬಂದರಿನಲ್ಲಿ ಪೆಲೆಟ್ ತಂದ ಹಡಗಿನ ಮೆಟ್ಟಿಲಿಳಿದ ಸಿಬ್ಬಂದಿಯೊಬ್ಬರು ಇದೇ ಅನಿಲಕ್ಕೆ ಸತ್ತರು. ಹಳೆಯ ಬಾವಿಗೆ ಇಳಿದವನು ಮೇಲೆ ಬರದ, ಅವನನ್ನು ಎತ್ತಲು ಇಳಿದವನೂ ಬರದ ಕತೆ ನಮಗೆ ಹೊಸದಲ್ಲ. ಮುಚ್ಚಿದ ಗೋದಾಮೂ ಹಾಗೆಯೇ.

ಹೆಲ್ಮೆಟ್, ಬೂಟು, ಗೋಡೆಯ ಮೇಲಿನ ‘ಸುರಕ್ಷತೆ ಮೊದಲು’ ಬೋರ್ಡು ಇವನ್ನು ತಡೆಯುವುದಿಲ್ಲ. ಬೇಕಾದ್ದು ಪ್ರೋಸೆಸ್ ಸೇಫ್ಟಿ, ಅಂದರೆ ಕೆಲಸದ ಪ್ರತಿ ಹಂತದಲ್ಲೂ ಎಲ್ಲಿ ಕಿಡಿ ಹುಟ್ಟಬಹುದು, ಎಲ್ಲಿ ಧೂಳು ಕೂರಬಹುದು ಎಂದು ಮೊದಲೇ ಪಟ್ಟಿ ಮಾಡಿ, ತಡೆಗೆ ಒಬ್ಬೊಬ್ಬರನ್ನು ಹೊಣೆ ಮಾಡುವುದು. ಬೇರಿಂಗ್ ಬಿಸಿಯಾಗುತ್ತಿದೆಯೇ ಎಂದು ದಿನವೂ ನೋಡಬೇಕು. ಧೂಳು ಗುಡಿಸದೆ ವೆಲ್ಡಿಂಗ್‌ಗೆ ಅನುಮತಿ ಕೊಡಬಾರದು. ಹೊಸ ಮಾಲು, ಹೊಸ ಯಂತ್ರ ಬಂದಾಗ ಅಪಾಯವನ್ನು ಮತ್ತೆ ಲೆಕ್ಕ ಹಾಕಬೇಕು. ಸಣ್ಣ ಹೊಗೆ ಕಂಡರೂ ಬರೆದಿಡಬೇಕು, ಹೇಳಿದವನನ್ನು ಬೈಯಬಾರದು.

ಇದೆಲ್ಲ ದೊಡ್ಡ ಕಂಪನಿಗಳಿಗೆ, ಸಣ್ಣ ಘಟಕಕ್ಕೆ ಹೊರೆ ಎನ್ನುವವರಿದ್ದಾರೆ. ಧೂಳು ಹೀರುವ ಯಂತ್ರಕ್ಕೆ ದುಡ್ಡು ಬೇಕು, ನಿಜ. ಆದರೆ ಗುಡಿಸುವುದಕ್ಕೆ, ಗ್ರೀಸ್ ಹಾಕುವುದಕ್ಕೆ, ಒಂದು ನೋಟ್‌ಬುಕ್ ಇಡುವುದಕ್ಕೆ ಬೇಕಾದ್ದು ಶಿಸ್ತು. ಬೆಂಕಿ ಘಟಕದ ಗಾತ್ರ ನೋಡಿ ಬರುವುದಿಲ್ಲ.

ಕಾನೂನೂ ಇದನ್ನೇ ಹೇಳಿತ್ತು. 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಸಿಡಿಯುವ ಧೂಳನ್ನು ತಡೆಯಬೇಕು, ಕಿಡಿಯನ್ನು ದೂರ ಇಡಬೇಕು ಎನ್ನುತ್ತಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ವಿದ್ಯುತ್ ಬಳಸಿ 10 ಜನ ದುಡಿಯುವ ಕಡೆ. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಕಾರ್ಖಾನೆ ಎನ್ನಿಸಿಕೊಳ್ಳಲು 20 ಜನ ಬೇಕು ಎಂದಿತು. ಹತ್ತು-ಹನ್ನೆರಡು ಹುಡುಗರು ದುಡಿಯುವ ಘಟಕದ ಪಾಡೇನು? ಸಿಡಿಯುವ ಧೂಳಿರುವ ಕಡೆ ತಲೆ ಎಣಿಸಬಾರದು, ಅಪಾಯ ಎಣಿಸಬೇಕು.

ಅಲ್ಲಿಯವರೆಗೆ ಕೇಳುವವರು ನಾವೇ. ಘಟಕದ ಅರ್ಜಿ ಪಂಚಾಯಿತಿಗೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಧೂಳು ಎಲ್ಲಿ ಹೋಗುತ್ತದೆ? ವೆಲ್ಡಿಂಗ್‌ಗೆ ಯಾರು ಒಪ್ಪಿಗೆ ಕೊಡುತ್ತಾರೆ? ಗೋದಾಮಿಗೆ ಇಳಿಯುವ ಮೊದಲು ಗಾಳಿ ಅಳೆಯುವ ಮೀಟರ್ ಇದೆಯೇ? ರಾಶಿಗೆ ಬೆಂಕಿ ಬಿದ್ದರೆ ಏನು ಮಾಡುತ್ತೀರಿ? ಕೊನೆಯದಕ್ಕೆ ‘ನೀರು ಹೊಡೆಯುತ್ತೇವೆ’ ಎಂದಷ್ಟೇ ಉತ್ತರ ಬಂದರೆ ಎಚ್ಚರ. ನೀರು ಕುಡಿದ ಪೆಲೆಟ್ ಉಬ್ಬಿ ಸೈಲೋ ಕಟ್ಟಿಕೊಳ್ಳುತ್ತದೆ, ಜೋರು ನೀರಿಗೆ ಧೂಳು ಏಳುತ್ತದೆ. ಅಷ್ಟೂ ಗೊತ್ತಿಲ್ಲದವರ ಕೈಗೆ ನಮ್ಮ ಹುಡುಗರನ್ನು ಒಪ್ಪಿಸಬೇಕೇ?