ಗರ್ಭದ ಪ್ರಶ್ನೆಯೂ ಮತಪೆಟ್ಟಿಗೆಯೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ ಬರುವ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಹಾನಿಯೇ ಆಗತಕ್ಕದ್ದೆಂಬುದು ಅಲ್ಲಿಯ ರಾಜಕೀಯಪಂಡಿತರು ವೇದವಾಕ್ಯದಂತೆ ಪಠಿಸುವ ಮಾತು. 2010ರಲ್ಲಿ ಒಬಾಮರ ಪಕ್ಷವು ಪ್ರತಿನಿಧಿಸಭೆಯಲ್ಲಿ 63 ಸ್ಥಾನಗಳನ್ನು ಕಳೆದುಕೊಂಡಿತಷ್ಟೆ. 2022ರಲ್ಲಿ ಬೈಡನ್ನರಿಗೂ ಅದೇ ಗತಿಯೆಂದು ಇವರು ಮುಂಚಿತವಾಗಿಯೇ ತೀರ್ಪು ಬರೆದಿಟ್ಟಿದ್ದರು. ಆ ವರ್ಷದ ಜೂನ್ ತಿಂಗಳಿನಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 9.1ರಷ್ಟು ಏರಿದ್ದುವು. ಮತ ಹಾಕುವುದು ಹೊಟ್ಟೆಯೇ ಹೊರತು ಬೇರೊಂದಲ್ಲವೆಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತವು ಹೆಂಗಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದೇ ಜೂನ್ 24ರಂದು ಸುಪ್ರೀಮ್ ಕೋರ್ಟು, ಗರ್ಭಪಾತದ ವಿಷಯದಲ್ಲಿ ಸ್ತ್ರೀಯರಿಗೆ 1973ರಿಂದ ಇದ್ದ ರಾಜ್ಯಾಂಗರಕ್ಷಣೆಯನ್ನು ಡಾಬ್ಸ್ ವ್ಯಾಜ್ಯದಲ್ಲಿ ಕಿತ್ತುಹಾಕಿತು. ರಿಪಬ್ಲಿಕನ್ನರು ಬಹುಕಾಲ ಬೇಡಿದ ವರವು ಕೈಗೂಡಿತು. ಭಸ್ಮಾಸುರನಿಗೂ ವರವು ಕೈಗೂಡಿಯೇ ಇತ್ತು.

ಆರು ವಾರ ತುಂಬುವ ಮೊದಲೇ ಕಾನ್ಸಾಸ್ ಸಂಸ್ಥಾನದಲ್ಲಿ ಪರೀಕ್ಷೆ ನಡೆಯಿತು. ಅದು ಗೋಧಿ ಬೆಳೆಯುವ ನಾಡು, 2020ರಲ್ಲಿ ಟ್ರಂಪರಿಗೆ ಒಲಿದ ನಾಡು. ಆ ಸಂಸ್ಥಾನದ ರಾಜ್ಯಾಂಗದಲ್ಲಿ ಈ ಹಕ್ಕಿಗೆ ಎಡೆಯಿಲ್ಲವೆಂದು ಬರೆಯುವ ತಿದ್ದುಪಡಿಯನ್ನು ಆಗಸ್ಟ್ 2ರಂದು ಪ್ರಜೆಗಳ ಮುಂದಿಟ್ಟರು. ಹಕ್ಕು ಉಳಿಯಬೇಕೆಂಬವರು ‘ಬೇಡ’ ಎನ್ನಬೇಕಾಗಿದ್ದ ತಿರುಗುಮುರುಗಿನ ಪ್ರಶ್ನೆಯದು. ಆದರೂ ನೂರಕ್ಕೆ 59 ಮಂದಿ ‘ಬೇಡ’ವೆಂದರು. ಅವರ ಭಯವು ಬರಿಯ ತರ್ಕದ್ದಾಗಿರಲಿಲ್ಲ. ಬೆಳಗಾವಿಯ ಮನೆಮಗಳು ಸವಿತಾ ಹಾಲಪ್ಪನವರ 2012ರಲ್ಲಿ ಐರ್ಲಂಡಿನಲ್ಲಿ, ಉಳಿಯುವಂತಿಲ್ಲದ ಗರ್ಭವನ್ನು ತೆಗೆಯಲು ಕಾಯಿದೆಯು ಅಡ್ಡಬಂದು, ನಂಜೇರಿ ಪ್ರಾಣಬಿಟ್ಟುದನ್ನು ಕನ್ನಡಿಗರು ಮರೆತಿರಲಾರರು. ಆ ನಾಡಿನವರು ಆ ನಿಷೇಧವನ್ನು 2018ರಲ್ಲಿ ಮತದಿಂದಲೇ ಅಳಿಸಿದರು.

ಕಾನ್ಸಾಸಿನ ಪಾಠವನ್ನು ಕಲಿತವರು ಯಾರು? ಈ ವಿಷಯವನ್ನು ಸಂಸ್ಥಾನಗಳಿಗೇ ಬಿಡಬೇಕೆಂದು ಸಾರಿದ ಪಕ್ಷದ ಸೆನೆಟರ್ ಗ್ರಹಾಮರು ಸೆಪ್ಟೆಂಬರಿನಲ್ಲಿ, ಹದಿನೈದು ವಾರಗಳ ಮೇಲಣ ಗರ್ಭಪಾತವನ್ನು ದೇಶಾದ್ಯಂತ ನಿಷೇಧಿಸುವ ಮಸೂದೆಯನ್ನು ತಂದರು! ನವೆಂಬರ್ 8ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ದೊರೆತುದು 435ರಲ್ಲಿ 222 ಸ್ಥಾನ. ಬೈಡನ್ನರ ಪಕ್ಷವು ಕಳೆದುಕೊಂಡುದು ಒಂಬತ್ತೇ. ಸೆನೆಟ್ಟಿನಲ್ಲಿಯಾದರೋ ಅದಕ್ಕೆ ಒಂದು ಹೆಚ್ಚೇ ಆಯಿತು. ಹಕ್ಕಿನ ಪ್ರಶ್ನೆಯು ಅದೇ ಮತಪತ್ರದಲ್ಲಿದ್ದ ಮಿಷಿಗನ್ನಿನಲ್ಲಿ ಶಾಸನಸಭೆಯ ಎರಡು ಮನೆಗಳೂ ಡೆಮೊಕ್ರಾಟರ ಪಾಲಾದುವು. ಹಕ್ಕಿಗೆ ಅಪಾಯವು ಕಾಣದಿದ್ದ ನ್ಯೂಯಾರ್ಕಿನಲ್ಲಿ ಅವರೇ ಸ್ಥಾನಗಳನ್ನು ಕಳೆದುಕೊಂಡರು. ಬೆಲೆಯೇ ಸರ್ವಸ್ವವೆಂಬ ಪಂಡಿತರು ಈ ಎರಡನ್ನು ಪಕ್ಕದಲ್ಲಿಟ್ಟು ನೋಡಬೇಕು. ಬೆಲೆ ಎರಡು ಕಡೆಯೂ ಏರಿತ್ತು. ಬಾಗಿಲಿಗೆ ಬಂದ ಅಪಾಯವು ಒಂದೇ ಕಡೆ.

ಡೆಮೊಕ್ರಾಟರು ಮಾತ್ರ ಇದನ್ನು ಅಕ್ಷಯಪಾತ್ರೆಯೆಂದು ಬಗೆದರು. ಎರಡು ಸಭೆಗಳೂ ಕೈಯಲ್ಲಿದ್ದ 2009ರಲ್ಲಿ ಒಬಾಮರು, ಈ ಹಕ್ಕನ್ನು ಕಾಯಿದೆಯಾಗಿಸುವುದು ತಮಗೆ ಅತ್ಯಗ್ರಕಾರ್ಯವಲ್ಲವೆಂದಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? 2024ರಲ್ಲಿ ಮತದಾರರೂ ಅದೇ ನ್ಯಾಯವನ್ನು ತಿರುಗಿಸಿದರು. ಅರಿಜೋನಾ, ಮಿಸ್ಸೂರಿ ಸಂಸ್ಥಾನಗಳು ಹಕ್ಕನ್ನು ತಮ್ಮ ರಾಜ್ಯಾಂಗಗಳಲ್ಲಿ ಬರೆಸಿಕೊಂಡು, ಅದೇ ದಿನ ಟ್ರಂಪರನ್ನೂ ಗೆಲ್ಲಿಸಿದುವು. ಇದು ಅರ್ಧಜರತೀನ್ಯಾಯವೆಂದು ಗೊಣಗಿದವರುಂಟು. ತನ್ನ ಹಕ್ಕನ್ನು ತಾನೇ ಮತ ಹಾಕಿ ಪಡೆದವಳು ಪಕ್ಷಕ್ಕೆ ದಲ್ಲಾಳಿ ಕೊಡಬೇಕೇನು? ರಿಪಬ್ಲಿಕನ್ನರಂತೂ ಆ ವೇಳೆಗೆ ದೇಶವ್ಯಾಪಿ ನಿಷೇಧದ ಬೇಡಿಕೆಯನ್ನು ತಮ್ಮ ಚುನಾವಣಾ ಘೋಷಣೆಯಿಂದ ಸದ್ದಿಲ್ಲದೆ ಇಳಿಸಿಬಿಟ್ಟಿದ್ದರು.