ಕಾವಲಿಗೂ ಕಾಸು ಕೀಳುವವರು



ಮನೆಗೆ ಬಾಗಿಲು ಮಾಡಿಕೊಟ್ಟ ಬಡಗಿ, ಚಿಲಕಕ್ಕೆ ಮಾತ್ರ ತಿಂಗಳು ತಿಂಗಳೂ ಬಾಡಿಗೆ ಕೊಡಿ ಅಂದರೆ ನೀವು ಸುಮ್ಮನಿರುತ್ತೀರಾ? ಸಾಫ್ಟ್‌ವೇರ್ ಮಾರುವ ದೊಡ್ಡ ಕಂಪನಿಗಳ ವ್ಯಾಪಾರ ಹೀಗೇ ನಡೆದಿದೆ.

2023ರಲ್ಲಿ ಅಮೆರಿಕದಲ್ಲಿ ಆದದ್ದನ್ನು ನೋಡಿ. ಮೈಕ್ರೋಸಾಫ್ಟ್ ಕಂಪನಿ ನಡೆಸುವ ಇ-ಮೇಲ್ ಖಾತೆಗಳಿಗೆ ಚೀನಾ ಕಡೆಯವರೆನ್ನಲಾದ ಕಳ್ಳರು ನುಗ್ಗಿದರು. ಅವರ ಹತ್ತಿರ ಇದ್ದದ್ದು ಕಂಪನಿಯದೇ ಬೀಗದ ಕೈ! ವಾಣಿಜ್ಯ ಮಂತ್ರಿ ಜೀನಾ ರೈಮಾಂಡೋ ಅವರ ಪತ್ರಗಳನ್ನೂ ಓದಿದರು. ಕಳವನ್ನು ಮೊದಲು ಪತ್ತೆ ಮಾಡಿದ್ದು ವಿದೇಶಾಂಗ ಇಲಾಖೆ. ಅದು ಹೆಚ್ಚಿನ ದರದ ಚಂದಾ ಕಟ್ಟಿತ್ತು. ಹಾಗಾಗಿ ಯಾರು ಯಾವಾಗ ಯಾವ ಪತ್ರ ತೆರೆದರು ಎಂಬ ಪೂರ್ತಿ ದಾಖಲೆ ಅದಕ್ಕೆ ಸಿಗುತ್ತಿತ್ತು. ಕಡಿಮೆ ದರ ಕಟ್ಟಿದವರಿಗೆ ಆಗ ಆ ದಾಖಲೆ ಸಿಗುತ್ತಿರಲಿಲ್ಲ. ಕಳ್ಳ ಬಂದು ಹೋದರೂ ಹೆಜ್ಜೆ ಗುರುತು ಕಾಣುತ್ತಿರಲಿಲ್ಲ.

ಬೀಗದ ಕೈ ಕಳೆದುಕೊಂಡದ್ದು ಕಂಪನಿ, ಕಳ್ಳನನ್ನು ಕಾಣಲು ದುಡ್ಡು ಕಟ್ಟಬೇಕಾದವನು ಗಿರಾಕಿ. ಇದು ಯಾವ ನ್ಯಾಯ? ಟೀಕೆ ಜೋರಾದ ಮೇಲೆ, ಅದೇ ಜುಲೈನಲ್ಲಿ, ಆ ದಾಖಲೆಗಳನ್ನು ಹೆಚ್ಚಿನ ಶುಲ್ಕವಿಲ್ಲದೆ ಕೊಡುವುದಾಗಿ ಕಂಪನಿ ಒಪ್ಪಿತು. ಅಂದರೆ ಮೊದಲೂ ಕೊಡಬಹುದಿತ್ತು! ಈ ಕಳವನ್ನು ತಡೆಯಬಹುದಾಗಿತ್ತು ಎಂದು 2024ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಪರಿಶೀಲನಾ ಮಂಡಳಿಯೇ ಹೇಳಿತು.

ಅಮೆರಿಕದ ಮಾತು ನಮಗೇಕೆ ಅನ್ನಬೇಡಿ. ಬೆಳೆ ವಿಮೆ, ಪಿಎಂ ಕಿಸಾನ್ ಹಣ, ಎಲ್ಲವೂ ಈಗ ಬ್ಯಾಂಕ್ ಖಾತೆಗೇ ಬೀಳುತ್ತದೆ. ಆ ಖಾತೆಯಿಂದ ಹಣ ಹೋಯಿತು ಎಂದು ತಿಳಿಸುವ ಎಸ್ಸೆಮ್ಮೆಸ್ಸಿಗೂ ದುಡ್ಡು ಹಿಡಿಯುವ ಬ್ಯಾಂಕುಗಳಿವೆ. ಎಷ್ಟು ಸಂದೇಶ ಕಳಿಸಿದರೋ ಅಷ್ಟಕ್ಕೆ ಮಾತ್ರ ಹಿಡಿಯಿರಿ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಪಾಸ್‌ಬುಕ್ ತೆಗೆದು ನೋಡಿ. ಸಂದೇಶವೇ ಬರದ ತಿಂಗಳಿಗೂ ಹಣ ಕಡಿತವಾಗಿದ್ದರೆ ಬರವಣಿಗೆಯಲ್ಲಿ ಲೆಕ್ಕ ಕೇಳಿ.

ಹಾಗಂತ ಹತ್ತಿಪ್ಪತ್ತು ರೂಪಾಯಿ ಉಳಿಸಲು ಸಂದೇಶವನ್ನೇ ನಿಲ್ಲಿಸಬೇಡಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋದರೆ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿತು. ಸಂದೇಶವೇ ಬರದಿದ್ದರೆ ಹಣ ಹೋದದ್ದು ತಿಳಿಯುವುದಾದರೂ ಹೇಗೆ? ಮೋಸವಾದ ಗಳಿಗೆಯಲ್ಲೇ ಬ್ಯಾಂಕಿಗೂ 1930 ನಂಬರಿಗೂ ಫೋನ್ ಮಾಡಿ. ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ. ನೀವೇ ಹೇಳಿಬಿಟ್ಟರೆ ದೂರು ಕೊಡುವ ತನಕದ ನಷ್ಟ ನಿಮ್ಮ ತಲೆಗೇ.

ನಾವು ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಬೇರೆಯವರು. ನಮ್ಮ ದುಡ್ಡಿನ ಕಾವಲಿಗೂ ಅವರೇ ಬೆಲೆ ಕಟ್ಟುವುದು ಬೇಡ. ಖಾತೆ ಇಟ್ಟವನಿಗೆ ಎಚ್ಚರಿಕೆಯ ಸಂದೇಶ ಪುಕ್ಕಟೆಯಾಗಿ ಸಿಗಬೇಕು. ಮುಂದಿನ ಸೊಸೈಟಿ ಸಭೆಯಲ್ಲಿ ಈ ಮಾತು ಎತ್ತಿ, ಠರಾವು ಮಾಡಿ, ನಿಮ್ಮ ನಿಮ್ಮ ಬ್ಯಾಂಕಿಗೆ ಕಳಿಸಿ.